ದೀನಬಂಧು ಆಂಡ್ರೂಸರು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನವನ್ನು ಕುರಿತು ಬರೆಯಬೇಕೆಂದು ಅಧ್ಯಾಪಕರು ಹೇಳಿದಾಗ, ನನಗೆ ಮೊದಲು ನೆನಪಾದುದು ನಮ್ಮ ಮನೆಯ ಪಡಸಾಲೆಯ ಗೋಡೆ. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಪೋತ್ನಾಳ. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಸೀಮೆ. ನಮ್ಮ ಮನೆತನ ಅಜ್ಜನ ಕಾಲದಿಂದ ಕ್ರೈಸ್ತ ಮನೆತನ. ಪಡಸಾಲೆಯ ಗೋಡೆಯ ಮೇಲೆ ಯೇಸುಸ್ವಾಮಿಯ ಪಟವೊಂದೇ ಇತ್ತು. ಕೆಲವು ವರ್ಷಗಳ ಹಿಂದೆ ಚುನಾವಣೆಯ ಕಾಲದಲ್ಲಿ ನನ್ನ ತಂದೆಯವರು ಒಬ್ಬ ರಾಜಕೀಯ ನಾಯಕನ ಚಿತ್ರವನ್ನು ತಂದು ಆ ಪಟದ ಮಗ್ಗುಲಿಗೆ ತೂಗುಹಾಕಿದರು. ಆ ನಾಯಕನನ್ನು ಬಡವರ ಬಂಧುವೆಂದು ಹೊಗಳುವವರೂ ಇದ್ದರು, ನಮ್ಮ ಧರ್ಮಕ್ಕೆ ಕಂಟಕನೆಂದು ಹಳಿಯುವವರೂ ಇದ್ದರು. ಆತನ ಹೆಸರು ಇಲ್ಲಿ ಬೇಡ. ಕಾಲೇಜಿನ ಸಂಚಿಕೆ ಪ್ರಚಾರದ ಕಟ್ಟೆಯಲ್ಲ. ನನ್ನ ಅಜ್ಜಿ ಮಾತ್ರ ಆ ಚಿತ್ರವನ್ನು ಕೂಡಲೇ ಇಳಿಸಬೇಕೆಂದು ಹಟ ಹಿಡಿದಳು. ಆತನನ್ನು ಬೆಂಬಲಿಸುವುದು ಪಾಪವೇ ಎಂದು ತಂದೆ ಕೇಳಿದರು. ಪಾಪವೋ ಪುಣ್ಯವೋ ತನಗೆ ತಿಳಿಯದು, ಆ ಜಾಗ ಮಾತ್ರ ಆತನದಲ್ಲ ಎಂದು ಅಜ್ಜಿ ಹೇಳಿದಳು.

ಮನೆಯಲ್ಲಿ ಎದ್ದ ಮಾತು ಸಭೆಗೂ ಹಬ್ಬಿತು. ಪ್ರಭುಭೋಜನದಲ್ಲಿ ಪಾಲುಗೊಳ್ಳುವವನು ಇಂಥವನಿಗೆ ಓಟು ಹಾಕಬಹುದೇ ಎಂದು ಒಂದು ಪಕ್ಷ. ಬಡವರ ಪರ ನಿಂತವನನ್ನು ಬೆಂಬಲಿಸದವನು ಕ್ರೈಸ್ತನು ಹೇಗಾದಾನು ಎಂದು ಇನ್ನೊಂದು ಪಕ್ಷ. ಒಂದೇ ಬೆಂಚಿನ ಮೇಲೆ ಕುಳಿತು ಕೀರ್ತನೆ ಹಾಡುತ್ತಿದ್ದವರು ಪರಸ್ಪರ ಮುಖ ನೋಡದಂತಾಯಿತು. ಎರಡೂ ಮಾತುಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಕಾಲೇಜಿಗೆ ಬಂದೆ. ಇಲ್ಲಿಯ ವಾಚನಾಲಯದಲ್ಲಿ ದೀನಬಂಧು ಆಂಡ್ರೂಸರ ಜೀವನವನ್ನು ಓದುವ ಸಂದರ್ಭ ಒದಗಿತು. ನೂರು ವರ್ಷಗಳ ಹಿಂದೆಯೇ ಇದೇ ಪ್ರಶ್ನೆಯನ್ನು ಎದುರಿಸಿ, ಅದಕ್ಕೆ ತಮ್ಮ ಬಾಳನ್ನೇ ಉತ್ತರವಾಗಿ ಕೊಟ್ಟವರು ಅವರು.

ಚಾರ್ಲ್ಸ್ ಫ್ರಿಯರ್ ಆಂಡ್ರೂಸರು ೧೮೭೧ನೆಯ ಇಸವಿ ಫೆಬ್ರವರಿ ೧೨ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಜನಿಸಿದರು. ಬಾಲ್ಯ ಕಳೆದುದು ಬರ್ಮಿಂಗ್‌ಹ್ಯಾಮಿನಲ್ಲಿ. ತಂದೆ ಒಂದು ಸಣ್ಣ ಕ್ರೈಸ್ತ ಪಂಗಡದ ಬೋಧಕರು. ದೈವಭಕ್ತರು, ಅಷ್ಟೇ ದೊಡ್ಡ ಸಾಮ್ರಾಜ್ಯಭಕ್ತರು. ಬ್ರಿಟಿಷರ ಆಳ್ವಿಕೆ ಭಾರತಕ್ಕೆ ದೇವರು ಕೊಟ್ಟ ವರವೆಂದು ನಂಬಿ, ಮಗನಿಗೂ ಹಾಗೆಯೇ ಕಲಿಸಿದವರು. ಅದೇ ಮನೆಯಲ್ಲಿ ಬಾಲಕನು ಇನ್ನೊಂದು ಪಾಠವನ್ನೂ ಕಲಿತನು. ತಾಯಿಯ ಪಾಲಿನ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಕುಟುಂಬಮಿತ್ರನೊಬ್ಬನು ಅದನ್ನೆಲ್ಲ ಸಟ್ಟಾ ವ್ಯವಹಾರದಲ್ಲಿ ಕಳೆದುಬಿಟ್ಟನು. ಮನೆ ಬಡತನಕ್ಕಿಳಿಯಿತು. ತಂದೆ ನ್ಯಾಯಾಲಯಕ್ಕೆ ಹೋಗಲಿಲ್ಲ. ಅಂದಿನ ಕುಟುಂಬಪ್ರಾರ್ಥನೆಯಲ್ಲಿ ಆ ಮಿತ್ರನಿಗಾಗಿಯೇ ದೇವರಲ್ಲಿ ಬೇಡಿಕೊಂಡರು. ಈ ಪ್ರಸಂಗವನ್ನು ಆಂಡ್ರೂಸರು ಮುಪ್ಪಿನಲ್ಲಿಯೂ ಮರೆಯಲಿಲ್ಲ. ಸಾಮ್ರಾಜ್ಯದ ಪಾಠ ಮುಂದೆ ಅಳಿಸಿಹೋಯಿತು. ಕ್ಷಮೆಯ ಪಾಠ ಉಳಿಯಿತು.

ಕೇಂಬ್ರಿಜ್ಜಿನ ಪೆಂಬ್ರೋಕ್ ಕಾಲೇಜಿನಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾಗಿ, ೧೮೯೭ರಲ್ಲಿ ಅವರು ಆಂಗ್ಲಿಕನ್ ಸಭೆಯ ಪಾದ್ರಿಯಾದರು. ದಕ್ಷಿಣ ಲಂಡನ್ನಿನ ವಾಲ್ವರ್ತ್ ಎಂಬ ಬಡವರ ಕೇರಿಯಲ್ಲಿ ಕೆಲವು ಕಾಲ ಸೇವೆ ಸಲ್ಲಿಸಿದರು. ಅವರ ಪ್ರಾಣಮಿತ್ರ ಬೇಸಿಲ್ ವೆಸ್ಟ್‌ಕಾಟರು ದಿಲ್ಲಿಯ ಮಿಷನ್ನಿನಲ್ಲಿದ್ದು ೧೯೦೦ರಲ್ಲಿ ಕಾಲರಾ ತಗುಲಿ ತೀರಿಕೊಂಡರು. ಗೆಳೆಯನು ಬಿಟ್ಟುಹೋದ ಕೆಲಸವನ್ನು ತಾನು ಎತ್ತಿಕೊಳ್ಳಬೇಕೆಂಬ ಹಂಬಲದಿಂದ ಆಂಡ್ರೂಸರು ೧೯೦೪ರ ಮಾರ್ಚ್ ೨೦ರಂದು ಭಾರತದ ನೆಲದ ಮೇಲೆ ಕಾಲಿಟ್ಟರು. ಆ ದಿನವನ್ನು ತಮ್ಮ ಎರಡನೆಯ ಹುಟ್ಟುಹಬ್ಬವೆಂದೇ ಅವರು ಎಣಿಸುತ್ತಿದ್ದರು.

ದಿಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅವರು ಅಧ್ಯಾಪಕರಾದರು. ಪ್ರಿನ್ಸಿಪಾಲರ ಸ್ಥಾನ ತೆರವಾದಾಗ ಅದು ಇಂಗ್ಲಿಷನಿಗೇ ಸಲ್ಲಬೇಕೆಂಬುದು ಅನೇಕರ ಅಭಿಪ್ರಾಯವಾಗಿತ್ತು. ಅನುಭವದಲ್ಲಿಯೂ ಯೋಗ್ಯತೆಯಲ್ಲಿಯೂ ಮುಂದಿದ್ದ ಸುಶೀಲ ಕುಮಾರ ರುದ್ರರನ್ನು ಬಿಟ್ಟು ತಾವು ಆ ಕುರ್ಚಿಯಲ್ಲಿ ಕುಳಿತುಕೊಳ್ಳಲಾರೆವೆಂದು ಆಂಡ್ರೂಸರು ಖಂಡಿತವಾಗಿ ತಿಳಿಸಿದರು. ರುದ್ರರು ಪ್ರಿನ್ಸಿಪಾಲರಾದರು, ಆಂಡ್ರೂಸರು ಅವರ ಕೈಕೆಳಗೆ ಸಂತೋಷದಿಂದ ದುಡಿದರು. ಇದು ಚಿಕ್ಕ ಸಂಗತಿಯೆಂದು ಇಂದು ನಮಗೆ ತೋರಬಹುದು. ಆಳುವ ಜನಾಂಗದವನೊಬ್ಬನು ಆಳಿಸಿಕೊಳ್ಳುವವನ ಕೈಕೆಳಗೆ ನಿಲ್ಲುವುದು ಆ ಕಾಲಕ್ಕೆ ಅಪೂರ್ವವಾಗಿತ್ತು.

ದಕ್ಷಿಣ ಆಫ್ರಿಕಾದಲ್ಲಿ ಭಾರತೀಯ ಕೂಲಿಕಾರರ ಮೇಲೆ ನಡೆಯುತ್ತಿದ್ದ ಅನ್ಯಾಯದ ವಿರುದ್ಧ ಗಾಂಧಿಯವರು ಸತ್ಯಾಗ್ರಹ ಹೂಡಿದ್ದ ಕಾಲವದು. ೧೯೧೩ರಲ್ಲಿ ಗೋಖಲೆಯವರು ಸಹಾಯಕ್ಕಾಗಿ ದೇಶದಲ್ಲೆಲ್ಲ ಮೊರೆಯಿಟ್ಟಾಗ, ಆಂಡ್ರೂಸರು ಕೂಡಿಟ್ಟಿದ್ದ ಹಣವನ್ನೆಲ್ಲ ಅವರ ಕೈಗಿತ್ತರು. ಬಳಿಕ ತಾವೂ ಮಿತ್ರ ಪಿಯರ್ಸನ್ನರೊಡನೆ ಹಡಗು ಹತ್ತಿದರು. ೧೯೧೪ರ ಜನವರಿಯ ಆರಂಭದಲ್ಲಿ ಡರ್ಬನ್ ಬಂದರದಲ್ಲಿ ಇಳಿದಾಗ, ಗಾಂಧಿಯವರು ಯಾರೆಂದು ಕೇಳಿ ತಿಳಿದು, ಎಲ್ಲರೆದುರಿಗೆ ಬಾಗಿ ಅವರ ಕಾಲು ಮುಟ್ಟಿ ನಮಸ್ಕರಿಸಿದರು. ಅಲ್ಲಿದ್ದ ಬಿಳಿಯರಿಗೆ ಮೈ ಉರಿದುಹೋಯಿತು. ಅವರ ಕಣ್ಣಿಗೆ ಗಾಂಧಿಯವರು ಮಹಾತ್ಮರಲ್ಲ. ಕಾನೂನು ಮುರಿದು ಸೆರೆಮನೆ ಕಂಡ, ಕೂಲಿಗಳನ್ನು ಎತ್ತಿಕಟ್ಟಿದ ವಕೀಲ. ಅಂಥವನ ಪಾದವನ್ನು ಒಬ್ಬ ಕ್ರೈಸ್ತ ಪಾದ್ರಿ ಮುಟ್ಟಬಹುದೇ ಎಂದು ಪತ್ರಿಕೆಗಳಲ್ಲಿ ಗದ್ದಲವೆದ್ದಿತು.

ಅದೇ ಡರ್ಬನ್ನಿನಲ್ಲಿ ಆಂಡ್ರೂಸರು ಒಂದು ಚರ್ಚಿನಲ್ಲಿ ಉಪದೇಶ ಮಾಡಿದರು. ಅದನ್ನು ಕೇಳಲೆಂದು ಬಂದ ಗಾಂಧಿಯವರನ್ನು ಮೈಬಣ್ಣದ ಕಾರಣದಿಂದ ಬಾಗಿಲಲ್ಲಿಯೇ ಹಿಂದಕ್ಕೆ ಕಳಿಸಲಾಯಿತೆಂಬುದು ಅವರಿಗೆ ಆಮೇಲೆ ಪಿಯರ್ಸನ್ನರಿಂದ ತಿಳಿಯಿತು. ತಾನು ಯಾವ ಪ್ರಭುವಿನ ಪ್ರೀತಿಯನ್ನು ಒಳಗೆ ಸಾರುತ್ತಿದ್ದೆನೋ ಆ ಪ್ರಭು ಹೊರಗೆ ನಿಂತುಬಿಟ್ಟನೆಂಬ ಸಂಕಟ ಅವರನ್ನು ಬಹುಕಾಲ ಕಾಡಿತು. ಜನರಲ್ ಸ್ಮಟ್ಸರೊಡನೆ ಗಾಂಧಿಯವರ ಮಾತುಕತೆ ನಡೆಯುತ್ತಿದ್ದ ಆ ದಿನಗಳಲ್ಲಿಯೇ ಇಂಗ್ಲೆಂಡಿನಲ್ಲಿ ಆಂಡ್ರೂಸರ ತಾಯಿ ತೀರಿಕೊಂಡರು. ದುಃಖವನ್ನು ನುಂಗಿಕೊಂಡು ಅವರು ಸಂಧಾನದ ಕಾರ್ಯದಲ್ಲಿ ನೆರವಾದರು. ಅಂದಿನಿಂದ ಗಾಂಧಿಯವರು ಅವರಿಗೆ ಮೋಹನ್. ಅವರು ಗಾಂಧಿಯವರಿಗೆ ಚಾರ್ಲಿ. ಗಾಂಧಿಯವರನ್ನು ಆ ಹೆಸರಿನಿಂದ ಕರೆಯುವ ಸಲುಗೆ ಬಹು ಕೆಲವರಿಗೆ ಮಾತ್ರವಿತ್ತು.

ಇನ್ನು ಮುಂದೆ ಅವರ ನಂಬಿಕೆಗೇ ಪರೀಕ್ಷೆ ಒದಗಿತು. ಅನ್ಯಮತೀಯರೆಲ್ಲ ನಾಶವಾಗುವರೆಂಬ ಅರ್ಥ ಕೊಡುವ ಪುರಾತನ ವಿಶ್ವಾಸಪ್ರಮಾಣವೊಂದನ್ನು ಚರ್ಚಿನಲ್ಲಿ ಪಠಿಸಬೇಕಾಗುತ್ತಿತ್ತು. ದಿಲ್ಲಿಯ ವೃದ್ಧ ಮುಸಲ್ಮಾನ ಪಂಡಿತ ಜಕಾ ಉಲ್ಲಾ ಮೊದಲಾದವರ ನಿರ್ಮಲ ಜೀವನವನ್ನು ಕಂಡಿದ್ದ ಆಂಡ್ರೂಸರಿಗೆ ಅದು ನಾಲಿಗೆಯ ಮೇಲೆ ಬರದಾಯಿತು. ಬಾಯಿಂದ ಒಂದು, ಮನಸ್ಸಿನಲ್ಲಿ ಒಂದು ಇಟ್ಟುಕೊಳ್ಳಲಾರದೆ ೧೯೧೪ರಲ್ಲಿ ಅವರು ಪಾದ್ರಿಯ ಅಧಿಕಾರವನ್ನು ನಡೆಸುವುದನ್ನು ನಿಲ್ಲಿಸಿದರು. ದಿಲ್ಲಿಯ ಮಿಷನ್ನನ್ನು ಬಿಟ್ಟು ರವೀಂದ್ರರ ಶಾಂತಿನಿಕೇತನವನ್ನು ಸೇರಿದರು. ಆಂಡ್ರೂಸ್ ಹಿಂದುವಾಗಿಬಿಟ್ಟನೆಂದು ಕೆಲವರು ಆಡಿಕೊಂಡರು. ಅವರು ಕ್ರಿಸ್ತನನ್ನು ಬಿಟ್ಟಿರಲಿಲ್ಲ. ಪ್ರಾರ್ಥನೆ ನಿಲ್ಲಲಿಲ್ಲ, ಸುವಾರ್ತೆಯ ಪುಸ್ತಕ ಕೈಬಿಡಲಿಲ್ಲ. ಹಸಿದವರಲ್ಲಿ, ಸೆರೆಯಲ್ಲಿರುವವರಲ್ಲಿ, ಪರದೇಶಿಗಳಲ್ಲಿ ತನ್ನನ್ನು ಕಾಣಬೇಕೆಂದು ಪ್ರಭು ಹೇಳಿದ್ದನ್ನು ಅವರು ಅಕ್ಷರಶಃ ನಂಬಿ ನಡೆದರು.

ಅದರ ಫಲವನ್ನು ಮೊದಲು ಕಂಡವರು ಫಿಜಿ ದ್ವೀಪದ ಕೂಲಿಕಾರರು. ೧೮೭೯ರಿಂದ ೧೯೧೬ರವರೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಐದು ವರ್ಷಗಳ ಕರಾರಿನ ಮೇಲೆ ಅಲ್ಲಿಯ ಕಬ್ಬಿನ ತೋಟಗಳಿಗೆ ಸಾಗಿಸಲಾಗಿತ್ತು. ೧೯೧೫ರಲ್ಲಿ ಆಂಡ್ರೂಸರೂ ಪಿಯರ್ಸನ್ನರೂ ಅಲ್ಲಿಗೆ ಹೋಗಿ, ಕೂಲಿಗಳ ಸಾಲುಮನೆಗಳನ್ನು ಹೊಕ್ಕು, ಹೆಂಗಸರ ಮಾನಕ್ಕೂ ಗಂಡಸರ ಪ್ರಾಣಕ್ಕೂ ಬೆಲೆಯಿಲ್ಲದ ಸ್ಥಿತಿಯನ್ನು ಕಣ್ಣಾರೆ ಕಂಡು ವರದಿ ಬರೆದರು. ೧೯೧೭ರಲ್ಲಿ ಆಂಡ್ರೂಸರು ಮತ್ತೊಮ್ಮೆ ಹೋದರು. ಕೊನೆಗೆ ೧೯೨೦ರ ಜನವರಿ ೧ರಂದು ಉಳಿದ ಕರಾರುಗಳೆಲ್ಲ ರದ್ದಾದುವು. ದೀನಬಂಧುವೆಂಬ ಬಿರುದು ಅವರಿಗೆ ದೊರೆತುದು ಇಂಥ ಸೇವೆಯಿಂದ.

೧೯೧೯ರಲ್ಲಿ ಜಲಿಯನ್‌ವಾಲಾಬಾಗಿನ ಹತ್ಯೆಯ ಸುದ್ದಿ ತಿಳಿದು ಅವರು ಪಂಜಾಬಿಗೆ ಧಾವಿಸಿದರು. ಸೈನಿಕ ಶಾಸನ ಅವರನ್ನು ಅಮೃತಸರದಲ್ಲಿಯೇ ತಡೆಹಿಡಿದು ಹಿಂದಕ್ಕಟ್ಟಿತು. ಶಾಸನ ಸಡಿಲಾದ ಮೇಲೆ ಮತ್ತೆ ಹೋಗಿ ಹಳ್ಳಿಹಳ್ಳಿ ತಿರುಗಿ, ಚಡಿಯೇಟು ತಿಂದವರ ಮುಂದೆ ತನ್ನ ಜನಾಂಗದ ಪರವಾಗಿ ಕ್ಷಮೆ ಬೇಡಿದರು. ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯವೇ ಗುರಿಯೆಂದು ಸಾರಿದ್ದು ೧೯೨೯ರ ಡಿಸೆಂಬರಿನಲ್ಲಿ. ಭಾರತಕ್ಕೆ ಸ್ವಾತಂತ್ರ್ಯವೇ ತಕ್ಷಣದ ಅಗತ್ಯವೆಂದು ಆಂಡ್ರೂಸರು ಅದಕ್ಕೆ ಎಂಟು ಒಂಬತ್ತು ವರ್ಷ ಮೊದಲೇ ಬರೆದಿದ್ದರು.

ಇಷ್ಟನ್ನು ಓದಿದಾಗ ಆಂಡ್ರೂಸರು ಗಾಂಧಿಯವರ ಕಣ್ಣುಮುಚ್ಚಿದ ಅನುಯಾಯಿಯೆಂದು ನಾನು ಭಾವಿಸಿದೆ. ನಮ್ಮ ತಂದೆಯವರ ಪಕ್ಷಕ್ಕೆ ಇದೊಂದು ಒಳ್ಳೆಯ ಆಧಾರವಾಯಿತೆಂದೂ ಎಣಿಸಿದೆ. ಮುಂದೆ ಓದಿದಂತೆ ಆ ಎಣಿಕೆ ತಪ್ಪಾಯಿತು.

೧೯೧೮ರಲ್ಲಿ ಗಾಂಧಿಯವರು ಖೇಡಾ ಜಿಲ್ಲೆಯಲ್ಲಿ ಬ್ರಿಟಿಷರ ಸೈನ್ಯಕ್ಕೆ ಜನರನ್ನು ಸೇರಿಸಲು ಹೊರಟರು. ಅಹಿಂಸೆಯನ್ನು ಬೋಧಿಸುವವರು ಯುದ್ಧಕ್ಕೆ ಆಳು ಕೂಡಿಸುವುದು ಹೇಗೆ ಸರಿಯೆಂದು ಆಂಡ್ರೂಸರು ಬಲವಾಗಿ ಪ್ರತಿಭಟಿಸಿ ಪತ್ರ ಬರೆದರು. ೧೯೨೧ರಲ್ಲಿ ಮುಂಬಯಿಯಲ್ಲಿ ವಿದೇಶಿ ಬಟ್ಟೆಯ ರಾಶಿಗಳಿಗೆ ಬೆಂಕಿಯಿಟ್ಟಾಗ, ಅದನ್ನು ನೋಡಿ ದೇಶವೆಲ್ಲ ಹಿಗ್ಗಿತು, ಆಂಡ್ರೂಸರು ನೊಂದರು. ದೂರದ ದೇಶದ ಬಡ ನೇಕಾರರ ಬೆವರಿನ ವಸ್ತುವನ್ನು ಸುಡುವುದರಲ್ಲಿ ದ್ವೇಷದ ವಾಸನೆಯಿದೆಯೆಂದೂ, ಹೀಗಾದರೆ ತಾನು ಖಾದಿಯನ್ನು ತೊಡಲು ಸಹ ಮನಸ್ಸು ಹಿಂಜರಿಯುತ್ತದೆಂದೂ ಅವರು ಗೆಳೆಯನಿಗೆ ತಿಳಿಸಿದರು. ಗಾಂಧಿಯವರು ಆ ಪತ್ರವನ್ನು ಬಚ್ಚಿಡಲಿಲ್ಲ. ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿಯೇ ಅಚ್ಚುಮಾಡಿ, ಜನರ ಕೋಪವನ್ನು ಮನುಷ್ಯರಿಂದ ವಸ್ತುಗಳ ಕಡೆಗೆ ತಿರುಗಿಸುವುದೇ ತಮ್ಮ ಉದ್ದೇಶವೆಂದು ಉತ್ತರ ಬರೆದರು. ಇಬ್ಬರೂ ತಮ್ಮ ತಮ್ಮ ಮಾತಿನ ಮೇಲೆ ನಿಂತರು. ಸ್ನೇಹ ಮುರಿಯಲಿಲ್ಲ.

೧೯೨೪ರ ಸೆಪ್ಟೆಂಬರಿನಲ್ಲಿ ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ಗಾಂಧಿಯವರು ದಿಲ್ಲಿಯಲ್ಲಿ ೨೧ ದಿನಗಳ ಉಪವಾಸ ಕೈಕೊಂಡರು. ಆಗ ಹಗಲಿರುಳು ಅವರ ಹಾಸಿಗೆಯ ಬಳಿಯಿದ್ದು ಶುಶ್ರೂಷೆ ಮಾಡಿದವರು ಆಂಡ್ರೂಸರು; ಪತ್ರಿಕೆಯ ಸಂಪಾದನೆಯ ಭಾರವನ್ನೂ ಅವರೇ ಹೊತ್ತರು. ಉಪವಾಸ ಮುಗಿದ ದಿನ ಕುರಾನಿನ ಪಠಣವಾಯಿತು, ವಿನೋಬಾರವರು ಉಪನಿಷತ್ತನ್ನು ಹೇಳಿದರು, ಆಂಡ್ರೂಸರು ಶಿಲುಬೆಯನ್ನು ಕುರಿತ ಕ್ರೈಸ್ತ ಕೀರ್ತನೆಯೊಂದನ್ನು ಹಾಡಿದರು. ಬೇರೆಯವರ ಮನೆಯಲ್ಲಿ ತನ್ನ ದೇವರ ಹಾಡನ್ನು ಸಂಕೋಚವಿಲ್ಲದೆ ಹಾಡಿದ ಆ ಚಿತ್ರವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

೧೯೩೨ರಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧಿಯವರು ಆಮರಣಾಂತ ಉಪವಾಸ ಹೂಡಿದಾಗ ಆಂಡ್ರೂಸರು ಇಂಗ್ಲೆಂಡಿನಲ್ಲಿದ್ದರು. ಪ್ರಾಣವನ್ನು ಹೀಗೆ ಪಣವಿಡುವುದು ಅವರ ಕ್ರೈಸ್ತ ಮನಸ್ಸಿಗೆ ಒಗ್ಗಲಿಲ್ಲ. ಅದನ್ನು ಗೆಳೆಯನಿಗೆ ತಿಳಿಸದೆಯೂ ಇರಲಿಲ್ಲ. ಆದರೂ ಪೂನಾ ಒಪ್ಪಂದಕ್ಕೆ ಬ್ರಿಟಿಷ್ ಸರಕಾರದ ಸಮ್ಮತಿ ಬೇಗ ದೊರೆತು ಆ ಪ್ರಾಣ ಉಳಿಯಲೆಂದು ಅಲ್ಲಿ ಶ್ರಮಪಟ್ಟವರಲ್ಲಿ ಅವರೂ ಒಬ್ಬರು.

ಕ್ರೈಸ್ತರಾದ ನಮಗೆ ಎಲ್ಲಕ್ಕಿಂತ ಹತ್ತಿರದ ವಿಷಯ ಮತಾಂತರದ್ದು. ಪ್ರತಿಯೊಬ್ಬನೂ ತನ್ನ ತನ್ನ ಧರ್ಮದಲ್ಲಿದ್ದೇ ಉತ್ತಮನಾಗಬೇಕು, ಮತಾಂತರದ ಯತ್ನ ಸಲ್ಲದು ಎಂಬುದು ಗಾಂಧಿಯವರ ನಿಲುವು. ೧೯೩೬ರಲ್ಲಿ ಇಬ್ಬರಿಗೂ ಈ ಕುರಿತು ಮಾತಾಯಿತು. ಆಮಿಷ ತೋರಿಸಿ ಗುಂಪುಗುಂಪಾಗಿ ಸೇರಿಸಿಕೊಳ್ಳುವುದನ್ನು ಆಂಡ್ರೂಸರೂ ಒಪ್ಪುತ್ತಿರಲಿಲ್ಲ. ಆದರೆ ಬಹುಕಾಲ ಪ್ರಾರ್ಥಿಸಿ, ಕ್ರಿಸ್ತನಲ್ಲಿ ಅಲ್ಲದೆ ತನಗೆ ಶಾಂತಿಯಿಲ್ಲವೆಂದು ಪ್ರಾಮಾಣಿಕವಾಗಿ ಬರುವವನ ದಾರಿಗೆ ಅಡ್ಡ ನಿಲ್ಲುವ ಹಕ್ಕು ಯಾರಿಗೂ ಇಲ್ಲವೆಂದು ಅವರು ಸ್ಪಷ್ಟವಾಗಿ ವಾದಿಸಿದರು. ಇಲ್ಲಿಯೂ ಇಬ್ಬರೂ ಒಮ್ಮತಕ್ಕೆ ಬರಲಿಲ್ಲ. ತಮ್ಮ ಧರ್ಮದ ಜೀವನಾಡಿಯನ್ನೇ ಮುಟ್ಟುವ ಇಂಥ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೂ, ಬಡವರಿಗಾಗಿ ನಡೆದ ಕೆಲಸದಲ್ಲಿ ಅವರು ಗಾಂಧಿಯವರ ಕೈಯನ್ನು ಬಿಡಲಿಲ್ಲ.

ಈ ನಡುವಣ ದಾರಿ ಸುಖದ ದಾರಿಯಾಗಿರಲಿಲ್ಲ. ಇಂಗ್ಲಿಷರಲ್ಲಿ ಅನೇಕರು ಅವರನ್ನು ಕುಲದ್ರೋಹಿಯೆಂದರು. ಭಾರತೀಯರಲ್ಲಿಯೂ ಅವರನ್ನು ಸರಕಾರದ ಗೂಢಚಾರನೆಂದು ಶಂಕಿಸಿದವರಿದ್ದರು. ಅವರಲ್ಲಿ ಕುಂದುಗಳೂ ಇದ್ದುವು. ಭಾವಾವೇಶಕ್ಕೆ ಬೇಗ ಒಳಗಾಗುವ ಸ್ವಭಾವ. ಮೆಚ್ಚಿದವರನ್ನು ಮೊದಲು ಮಿತಿಮೀರಿ ಹೊಗಳಿಬಿಡುವ ಗುಣ. ಆದರೆ ಮಾತನ್ನು ತಿದ್ದಿಕೊಳ್ಳಲು ಅವರು ನಾಚಲಿಲ್ಲ.

ನಮ್ಮ ನಾಡಿನ ಕ್ರೈಸ್ತರಿಗೂ ಈ ಪರೀಕ್ಷೆ ತಪ್ಪಲಿಲ್ಲ. ಉಡುಪಿಯ ಕಡೆಯ ಕ್ಯಾಥೋಲಿಕ್ ಮನೆತನದಲ್ಲಿ ೧೯೦೭ರಲ್ಲಿ ಜನಿಸಿದ ಜೋಕಿಂ ಆಳ್ವರು ಮುಂಬಯಿಯಲ್ಲಿ ರಾಷ್ಟ್ರೀಯ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಅವರ ಪತ್ನಿ ವಯೊಲೆಟ್ ಆಳ್ವರು ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬರ ಮಗಳು. ಎಳೆಯ ಕೂಸಿನೊಡನೆ ೧೯೪೩ರಲ್ಲಿ ಸೆರೆಮನೆ ಸೇರಿದವರು. ಮುಂದೆ ಆಳ್ವರು ೧೯೫೨ರಿಂದ ೧೯೬೭ರವರೆಗೆ ಉತ್ತರ ಕನ್ನಡದ ಜನರನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದರು. ಪತ್ನಿ ೧೯೬೨ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ನಮ್ಮ ರಾಯಚೂರು ಸೀಮೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿ ಬಹಿರಂಗವಾಗಿ ಪಕ್ಷ ಹಿಡಿಯುವುದೇ ಕಷ್ಟವಾಗಿತ್ತು. ಇಂದು ನಮಗೆ ಆ ಭಯವಿಲ್ಲ. ಬಹುಶಃ ಅದಕ್ಕಾಗಿಯೇ ನಾವು ಯೋಚಿಸದೆ ಪಕ್ಷ ಹಿಡಿಯುತ್ತೇವೆ, ಯೋಚಿಸದೆ ಜಗಳವಾಡುತ್ತೇವೆ.

ಆಂಡ್ರೂಸರು ತಮ್ಮ ಕೊನೆಯ ವರ್ಷಗಳಲ್ಲಿ, ೧೯೩೬ರ ಸುಮಾರಿಗೆ, ಪಾದ್ರಿಯ ಸೇವೆಯನ್ನು ಮತ್ತೆ ಕೈಗೊಂಡರು. ಅಷ್ಟು ದೂರ ಹೋಗಿ ಬಂದವರಿಗೆ ಸಭೆಯ ಬಾಗಿಲು ತೆರೆದೇ ಇತ್ತು. ೧೯೪೦ರ ಆರಂಭದಲ್ಲಿ ಕಾಯಿಲೆ ಬಿದ್ದು ಕಲಕತ್ತೆಯ ಆಸ್ಪತ್ರೆ ಸೇರಿದರು. ಗಾಂಧಿಯವರು ಬಂದು ಗೆಳೆಯನನ್ನು ಕಂಡುಹೋದರು. ಕಲಕತ್ತೆಯ ಬಿಷಪರಾಗಿದ್ದ ಫಾಸ್ ವೆಸ್ಟ್‌ಕಾಟರು ಆ ದಿನಗಳಲ್ಲಿ ಅವರಿಗೆ ಆಪ್ತರಾಗಿದ್ದರು. ಯಾವ ಗೆಳೆಯನ ಸಾವು ಆಂಡ್ರೂಸರನ್ನು ಭಾರತಕ್ಕೆ ಕರೆತಂದಿತೋ ಆ ಬೇಸಿಲರ ಸೋದರರು ಇವರು. ೧೯೪೦ರ ಏಪ್ರಿಲ್ ೫ರಂದು ದೀನಬಂಧುಗಳು ಕಣ್ಮುಚ್ಚಿದರು. ಕಲಕತ್ತೆಯ ಲೋವರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಈ ಜೀವನದಿಂದ ನಾನು ತಿಳಿದುಕೊಂಡುದು ಇಷ್ಟೇ. ಒಬ್ಬ ನಾಯಕನನ್ನು ಬೆಂಬಲಿಸುವುದು ಬೇರೆ, ಅವನಿಗೆ ನಮ್ಮ ಮನಸ್ಸಾಕ್ಷಿಯನ್ನು ಒಪ್ಪಿಸಿಬಿಡುವುದು ಬೇರೆ. ಆಂಡ್ರೂಸರು ಹೌದೆಂದಾಗಲೂ ಅಲ್ಲವೆಂದಾಗಲೂ ಒಂದೇ ಕಡೆ ನಿಂತಿದ್ದರು. ನಾಯಕನ ಕಡೆಗಲ್ಲ, ನಾಯಕನ ಶತ್ರುಗಳ ಕಡೆಗೂ ಅಲ್ಲ. ದೀನರ ಮುಖದಲ್ಲಿ ತಾವು ಕಂಡ ಪ್ರಭುವಿನ ಕಡೆಗೆ. ನಂಬಿಕೆ ಅವರನ್ನು ರಾಜಕೀಯದಿಂದ ದೂರವಿಡಲಿಲ್ಲ, ರಾಜಕೀಯದಲ್ಲಿ ಕುರುಡರಾಗಲೂ ಬಿಡಲಿಲ್ಲ. ಗಾಂಧಿಯವರಂಥವರ ತಪ್ಪನ್ನೇ ತೋರಿಸಿಕೊಡಬೇಕಾಯಿತೆಂದ ಮೇಲೆ, ಉಳಿದ ನಾಯಕರ ವಿಷಯದಲ್ಲಿ ನಮ್ಮ ಬಾಯಿಗೆ ಬೀಗವೇಕೆ?

ಹೋದ ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಹೋದಾಗ ಈ ಕಥೆಯನ್ನು ಮನೆಯಲ್ಲಿ ಹೇಳಿದೆ. ಅಜ್ಜಿ ಕೊನೆಯವರೆಗೆ ಕೇಳಿ, ಗಾಂಧಿ ತನ್ನ ಮಾತು ಕೇಳದಿದ್ದಾಗ ಆ ಪಾದ್ರಿ ಮುನಿಸಿಕೊಂಡು ಹೋದನೋ ಎಂದು ಕೇಳಿದಳು. ಇಲ್ಲವೆಂದೆ. ಹಾಗಾದರೆ ಸುಮ್ಮನಾದನೋ ಎಂದಳು. ಅದೂ ಇಲ್ಲವೆಂದೆ. ತಂದೆಯವರು ಏನೂ ಆಡಲಿಲ್ಲ. ಮರುದಿನ ನೋಡಿದರೆ ನಾಯಕನ ಚಿತ್ರ ಎದುರು ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕಕ್ಕೆ ಹೋಗಿತ್ತು. ಅವರು ಇಂದಿಗೂ ಆತನ ಬೆಂಬಲಿಗರೇ. ಆದರೆ ತಮಗೆ ಸರಿಯಲ್ಲವೆಂದು ತೋರಿದ ಆತನ ಒಂದು ಮಾತನ್ನು ಕುರಿತು ಎರಡು ಪುಟಗಳ ಕಾಗದ ಬರೆದು, ಕೆಳಗೆ ತಮ್ಮ ಹೆಸರನ್ನೂ ಊರನ್ನೂ ಸ್ಪಷ್ಟವಾಗಿ ಕಾಣಿಸಿ, ಅಂಚೆಗೆ ಹಾಕಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಸಭೆಯಲ್ಲಿ ಮುಖ ತಿರುಗಿಸುತ್ತಿದ್ದ ಹಿರಿಯರೊಬ್ಬರು ಮಾತ್ರ, ಕಾಗದದ ಸಂಗತಿ ಕೇಳಿ, ಮುಂದಿನ ಭಾನುವಾರ ತಂದೆಯವರ ಬೆಂಚಿಗೇ ಬಂದು ಕುಳಿತರು.